ಮೇಜಿನ ಕೆಳಗಿನ ಎದೆಗಾರ

ಎಲ್ಲಕ್ಕೂ ಮೂಲ ಒಂದು ವಾಷರ್. ಅಂಗಿಯ ಗುಂಡಿಗಿಂತ ತುಸು ದೊಡ್ಡದು, ಕರಿ ರಬ್ಬರಿನದು, ನಡುವೆ ತೂತು. ಬೀದಿಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳುತ್ತಿರಲಿಲ್ಲ.

ಮನೆಯ ಅಡುಗೆಕೋಣೆಯ ನಲ್ಲಿ ಮೂರು ವಾರದಿಂದ ತೊಟ್ಟಿಕ್ಕುತ್ತಿತ್ತು. ಹೆಂಡತಿ ಮೊದಲನೇ ವಾರ ಹೇಳಿದಳು, ಎರಡನೇ ವಾರ ಬೈದಳು, ಮೂರನೇ ವಾರ ಸುಮ್ಮನಾದಳು. ಬೈಗುಳವನ್ನು ತಡೆದುಕೊಂಡಿದ್ದ ಗಂಡನಿಗೆ ಆ ಮೌನ ತಡೆಯಲಾಗಲಿಲ್ಲ. ಹಾಗಾಗಿ ನಿನ್ನೆ ಸಂಜೆ ಪ್ರಯೋಗಾಲಯದಿಂದ ಹೊರಡುವ ಮುಂಚೆ, ಅಲ್ಲಿನ ಗಾಳಿಯಂತ್ರದ ಮೂತಿಯಲ್ಲಿದ್ದ ವಾಷರನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಮನೆಗೆ ಬಂದು ನಲ್ಲಿಗೆ ತೊಡಿಸಿದ. ತೊಟ್ಟಿಕ್ಕುವುದು ನಿಂತಿತು. ಹೆಂಡತಿ ಮಾತಾಡಿದಳು. ಬೆಳಗ್ಗೆ ಬೇಗ ಎದ್ದು ಹೊಸ ವಾಷರ್ ಕೊಂಡು ಗಾಳಿಯಂತ್ರಕ್ಕೆ ಹಾಕಿಬಿಟ್ಟರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿ ಅವನು ನೆಮ್ಮದಿಯಾಗಿ ಮಲಗಿದ.

ಬೆಳಗ್ಗೆ ಅಂಗಡಿಯ ಬಾಗಿಲಿಗೆ ಬೀಗ. ಬೀಗಕ್ಕೆ ಸಿಕ್ಕಿಸಿದ್ದ ಚೀಟಿಯಲ್ಲಿ, ‘ಮಾಲೀಕರಿಗೆ ಹಲ್ಲುನೋವು, ನಾಳೆ ಬನ್ನಿ.’

ಈ ಮನುಷ್ಯನನ್ನು ಪ್ರಯೋಗಾಲಯದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ‘ಎದೆಗಾರ’ ಎಂದು. ಧೈರ್ಯ ನೋಡಿ ಇಟ್ಟ ಹೆಸರಲ್ಲ. ಜಿರಳೆ ಕಂಡರೆ ಕುರ್ಚಿ ಹತ್ತುವ ಆಸಾಮಿ ಅವನು. ಕೃತಕ ಹೃದಯದ ಕೋಣೆಯಲ್ಲಿ ಕೆಲಸ ಮಾಡುತ್ತಾನಲ್ಲ, ಅದಕ್ಕೆ ಆ ಹೆಸರು. ಒಂಬತ್ತು ವರ್ಷದಿಂದ ಅಲ್ಲಿ ಹಂಗಾಮಿ ಸಹಾಯಕ. ಅವನಾದ ಮೇಲೆ ಸೇರಿದ ಕಾವಲುಗಾರ ಕಾಯಂ ಆಗಿದ್ದ, ತೋಟದ ಮಾಲಿ ಕಾಯಂ ಆಗಿದ್ದ. ಇವನು ಮಾತ್ರ ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕಾದು ಕೂತವನ ಹಾಗೆ ಕಾಯುತ್ತಲೇ ಇದ್ದ.

ಆ ಕೋಣೆಯ ಕೆಲಸವೂ ವಿಚಿತ್ರವೇ. ಸೋತ ಹೃದಯಕ್ಕೆ ಆಸರೆಯಾಗಿ ಈಗ ಎದೆಯೊಳಗೆ ಒಂದು ಪುಟ್ಟ ಪಂಪು ಕೂರಿಸುತ್ತಾರೆ. ಅದು ಹೃದಯದಿಂದ ರಕ್ತವನ್ನು ಹೀರಿ ಮೈಗೆಲ್ಲ ತಳ್ಳುತ್ತದೆ. ಆದರೆ ಪಂಪಿಗೆ ಕಣ್ಣಿಲ್ಲ. ಹೃದಯಕ್ಕೆ ಬರುವ ರಕ್ತ ಕಡಿಮೆಯಾದರೂ ಅದು ಹಿಂದಿನ ವೇಗದಲ್ಲೇ ಹೀರುತ್ತದೆ. ಹಣ್ಣಿನ ರಸದ ಕಾಗದದ ಡಬ್ಬಿಗೆ ಕೊಳವೆ ಚುಚ್ಚಿ ಮಗು ಕೊನೆಯ ಗುಟುಕಿನ ತನಕ ಹೀರಿದರೆ ಡಬ್ಬಿಯ ಪಕ್ಕೆಗಳು ಒಳಗೆ ಅಂಟಿಕೊಳ್ಳುವುದಿಲ್ಲವೇ, ಹಾಗೆ ಹೃದಯದ ಗೋಡೆಯೇ ಬಂದು ಪಂಪಿನ ಬಾಯಿಗೆ ಅಂಟಿಕೊಳ್ಳುತ್ತದೆ. ಆಗ ರಕ್ತ ನಿಲ್ಲುತ್ತದೆ, ಮುಂದಿನದು ಹೇಳುವಂಥದ್ದಲ್ಲ. ಈ ಅಂಟುವಿಕೆಯನ್ನು ಮೇಜಿನ ಮೇಲೆ ಬೇಕೆಂದೇ ಮಾಡಿ ನೋಡುವುದು ಆ ಕೋಣೆಯ ಕೆಲಸ. ಗಾಜಿನ ಜಾಡಿಯೊಳಗೆ ಪೇರಳೆಹಣ್ಣಿನ ಆಕಾರದ ಮೆತ್ತನೆಯ ರಬ್ಬರ್ ಹೃದಯ. ಅದರೊಳಗೆ ಗ್ಲಿಸರಿನ್ ಬೆರೆಸಿದ ಕೆಂಪು ನೀರು. ಮೇಜಿನ ಕೆಳಗಿನ ಕಪಾಟಿನಲ್ಲಿ ಗಾಳಿಯಂತ್ರ. ಅದು ಕೊಳವೆಯ ಮೂಲಕ ಜಾಡಿಗೆ ಬಿಟ್ಟುಬಿಟ್ಟು ಗಾಳಿ ಊದಿದರೆ ಹೃದಯ ಲಬ್-ಡಬ್ ಎಂದು ಬಡಿಯುತ್ತದೆ. ಪಂಪು ಅದರಿಂದ ಹೀರುತ್ತದೆ. ನೀರು ಬರುವ ದಾರಿಯನ್ನು ತಿರುಪಿನಿಂದ ಬಿಗಿ ಮಾಡಿದರೆ ಗೋಡೆ ಅಂಟುತ್ತದೆ. ಊರಿನವರೆಲ್ಲ ತಮ್ಮ ಯಂತ್ರ ಕೆಡದಿರಲಿ ಎಂದು ಬೇಡಿಕೊಂಡರೆ, ಎದೆಗಾರ ಒಂಬತ್ತು ವರ್ಷದಿಂದ ಬೇಡಿಕೊಂಡದ್ದು ಚೆನ್ನಾಗಿ ಕೆಡಲಿ ಎಂದು.

ಅಂಟಿದ್ದನ್ನು ತಾನೇ ಅರಿತು ಪಂಪಿನ ವೇಗ ಇಳಿಸುವ ಒಂದು ಪೆಟ್ಟಿಗೆಯನ್ನು ಅವನ ಮೇಡಂ ಕಟ್ಟಿದ್ದರು. ಇವತ್ತು ಹತ್ತೂವರೆಗೆ ಪರಿಶೀಲನಾ ಸಮಿತಿ ಅದನ್ನು ನೋಡಲು ಬರುವುದಿತ್ತು. ಹೋದ ಸಲ ಅದೇ ಸಮಿತಿ, “ನಿಮ್ಮ ಹೃದಯ ಗಡಿಯಾರದ ಹಾಗೆ ಬಡಿಯುತ್ತೆ. ಮನುಷ್ಯನ ಹೃದಯ ಹೀಗಿರಲ್ಲ. ನಂಬೋದು ಹೇಗೆ?” ಎಂದು ಮೂತಿ ತಿರುವಿ ಹೋಗಿತ್ತು. ಇವತ್ತಿನ ಕಾರ್ಯಸೂಚಿಯ ಕೊನೆಯಲ್ಲಿ ಇನ್ನೊಂದು ಸಾಲೂ ಇತ್ತು: ಸಹಾಯಕರ ಹುದ್ದೆಯನ್ನು ಕಾಯಂಗೊಳಿಸುವ ವಿಚಾರ.

ಬೀಗದ ಮುಂದೆ ನಿಂತ ಎದೆಗಾರ ಚೀಟಿಯನ್ನು ಇನ್ನೊಮ್ಮೆ ಓದಿದ. ಮನೆಗೆ ಓಡಿದ.

“ರೀ, ಯಾಕೆ ವಾಪಸ್ ಬಂದ್ರಿ?” ಎಂದಳು ಹೆಂಡತಿ.

“ನಲ್ಲಿ ಬಿಚ್ಚಬೇಕು.”

“ನಿನ್ನೆ ತಾನೇ ಸರಿಯಾಗಿದೆ! ಸರಿಯಾಗಿರೋದನ್ನ ಯಾಕ್ರೀ ಬಿಚ್ತೀರ?”

“ಅದು ಹೃದಯದ್ದು ಕಣೇ.”

ಹೆಂಡತಿ ಅವನ ಮುಖ ನೋಡಿದಳು. ಗಂಡ ಒಂಬತ್ತು ವರ್ಷದಲ್ಲಿ ಮೊದಲ ಸಲ ಕವಿತೆ ಮಾತಾಡಿದನೇನೋ ಎಂದು ಅವಳಿಗೆ ಅನ್ನಿಸಿತು. ಅಷ್ಟರಲ್ಲಿ ಮೆಟ್ಟಿಲಿಳಿದು ಬಂದವರು ಮೇಲಿನ ಮನೆ ಮಾವ. ನಿವೃತ್ತ ಫಿಟ್ಟರ್. ಸ್ಪ್ಯಾನರ್ ಸದ್ದು ಎಲ್ಲಿ ಕೇಳಿದರೂ ಬೆಲ್ಲಕ್ಕೆ ಇರುವೆ ಬಂದ ಹಾಗೆ ಬರುವವರು. ಸಂಬಂಧದಲ್ಲಿ ಯಾರಿಗೂ ಮಾವನಲ್ಲ. ಸಲಹೆ ಕೊಡುವುದರಲ್ಲಿ ಇಡೀ ಬೀದಿಗೆ ಮಾವ.

“ಹಾಗಲ್ಲಪ್ಪ ಬಿಚ್ಚೋದು. ಸರಿ, ಆ ಕಡೆ ಸರಿ. ಮೂವತ್ತೈದು ವರ್ಷ ಇದೇ ಮಾಡಿದೀನಿ.”

“ಮಾವ, ಅದು ಮೆತ್ತಗಿನ ರಬ್ಬರು, ಹುಷಾರು…”

“ರಬ್ಬರಿಗೆ ನಾನು ಹುಷಾರು ಹೇಳ್ಕೊಡ್ಬೇಕು!” ಎಂದು ಮಾವ ಇಕ್ಕಳ ಹಾಕಿ ಎಳೆದರು. ವಾಷರ್ ಬಂತು. ಎರಡು ತುಂಡಾಗಿ ಬಂತು. ಅದರ ಹಿಂದೆಯೇ ನೀರು ಕಾರಂಜಿಯ ಹಾಗೆ ಚಿಮ್ಮಿ ಮೂವರನ್ನೂ ತೋಯಿಸಿತು. ಹೆಂಡತಿ ಓಡಿಹೋಗಿ ಹೊರಗಿನ ಗೇಟ್‌ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದಳು. ಬಂದವಳು ಏನೂ ಹೇಳಲಿಲ್ಲ. ಮತ್ತೆ ಆ ಮೌನ.

“ಇದಕ್ಕೆಲ್ಲ ಹೆದರ್ತಾರೇನಪ್ಪ?” ಎಂದ ಮಾವ ತಮ್ಮ ಹಳೇ ಹವಾಯಿ ಚಪ್ಪಲಿ ತಂದು, ಅದರ ಅಟ್ಟೆಯಿಂದ ಒಂದು ಬಿಲ್ಲೆ ಕತ್ತರಿಸಿ, ನಡುವೆ ಮೊಳೆಯಿಂದ ತೂತು ಮಾಡಿ ಕೊಟ್ಟರು. “ಇದು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ.”

ಮೊಮ್ಮಕ್ಕಳ ಕಾಲಕ್ಕೆ ಬರುವ ವಾಷರು ಪ್ರಯೋಗಾಲಯದಲ್ಲಿ ನಾಲ್ಕು ನಿಮಿಷ ಬಂತು. ಗಾಳಿಯಂತ್ರ ಶುರುವಾಗಿ, ಹೃದಯ ಬಡಿಯತೊಡಗಿ, ಎದೆಗಾರ ಅಬ್ಬಾ ಎಂದು ಹಣೆ ಒರೆಸಿಕೊಳ್ಳುವಷ್ಟರಲ್ಲಿ ‘ಫಟ್’ ಎಂದಿತು. ಚಪ್ಪಲಿಯ ಬಿಲ್ಲೆ ಹಾರಿ ಗೋಡೆಗೆ ಬಡಿದು ಬಿತ್ತು. ಗಾಳಿಯೆಲ್ಲ ಬುಸ್ ಎಂದು ಹೊರಗೆ ಹೋಗಿ ರಬ್ಬರ್ ಹೃದಯ ಹಸಿದ ಕೂಸಿನ ಹೊಟ್ಟೆಯಂತೆ ಜೋತುಬಿತ್ತು. ಆಗ ಗಂಟೆ ಹತ್ತು ಹೊಡೆದು ಐದು ನಿಮಿಷ.

ಉಗ್ರಾಣಕ್ಕೆ ಓಡಿದ. ಉಗ್ರಾಣದವನು ಚಹಾ ಊದುತ್ತ ಕೂತಿದ್ದ. ಅವನ ಬೆನ್ನ ಹಿಂದೆಯೇ ಗಾಜಿನ ಬಾಟಲಿಯ ತುಂಬ ವಾಷರುಗಳು.

“ಅಣ್ಣಾ, ಒಂದೇ ಒಂದು ವಾಷರು. ಜೀವ ಉಳಿಸಪ್ಪ.”

“ಕೊಡೋಣ ಅದಕ್ಕೇನಂತೆ. ಹಳೇದು ವಾಪಸ್ ಕೊಡು, ಹೊಸದು ತಗೋ. ನಿಯಮ.”

ಎದೆಗಾರ ಜೇಬಿನಿಂದ ಎರಡು ತುಂಡು ತೆಗೆದು ಮೇಜಿನ ಮೇಲಿಟ್ಟ.

ಉಗ್ರಾಣದವನು ಎರಡನ್ನೂ ಬೆಳಕಿಗೆ ಹಿಡಿದು ನೋಡಿದ. “ಇದರಲ್ಲಿ ಇಕ್ಕಳದ ಗಾಯ ಇದೆಯಲ್ಲೋ. ತಾನಾಗೇ ಸವೆದಿದ್ರೆ ಸರಿ. ಯಾರೋ ಮುರಿದಿದ್ರೆ ಮೇಡಂ ಸಹಿ ಬೇಕು. ಯಾಕೆ ಮುರೀತು ಅಂತ ಒಂದು ಹೇಳಿಕೆ. ಹೋಗು, ಬರ್ಕೊಂಡು ಬಾ, ಎಲ್ಲಿಗೂ ಓಡಿಹೋಗಲ್ಲ ನಾನು.”

ಯಾಕೆ ಮುರಿಯಿತು ಎಂದು ಬರೆಯುವುದೇ! ಮನೆಯ ನಲ್ಲಿಗೆ ಕದ್ದ ವಾಷರು ಎಂದು, ಕಾಯಂ ಆಗುವ ದಿನವೇ, ಕೈಯಾರೆ ಬರೆದು ಕೊಡುವುದೇ! ಎದೆಗಾರ ಬಾಟಲಿಯನ್ನು ಆಸೆಯಿಂದ ಒಮ್ಮೆ ನೋಡಿ ಬರಿಗೈಲಿ ತಿರುಗಿದ.

ದಾರಿಯಲ್ಲಿ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಉಸಿರು ನಿಂತವರಿಗೆ ಕೈಯಿಂದ ಹಿಸುಕಿ ಗಾಳಿ ಕೊಡುತ್ತಾರಲ್ಲ, ಆ ರಬ್ಬರ್ ಚೀಲ ಅಲ್ಲಿ ಮೇಜಿನ ಮೇಲೆ ಬಿದ್ದಿತ್ತು. ಅವನ ಕಾಲು ನಿಂತಿತು. ಗಾಳಿ ಊದಬೇಕಾದದ್ದು ಕಪಾಟಿನಿಂದ ಜಾಡಿಗೆ ತಾನೇ? ಊದುವುದು ಯಂತ್ರವಾದರೇನು, ಕೈಯಾದರೇನು?

ಚೀಲವನ್ನು ಎತ್ತಿಕೊಂಡು ಬಂದ. ಗಾಳಿಯಂತ್ರವನ್ನು ಮೂಲೆಗೆ ನೂಕಿ, ಕಪಾಟಿನೊಳಗೆ ಮಡಿಸಿದ ಕೊಡೆಯ ಹಾಗೆ ಕೈಕಾಲು ಜೋಡಿಸಿಕೊಂಡು ಕೂತು, ಜಾಡಿಯ ಕೊಳವೆಗೆ ಚೀಲ ಸಿಕ್ಕಿಸಿ ಹಿಸುಕಿದ. ಮೇಲೆ ಹೃದಯ ಮುದುಡಿತು. ಬಿಟ್ಟ, ಅರಳಿತು. ಹಿಸುಕಿದ, ಮುದುಡಿತು. ಸಮಿತಿ ಬರುವ ಮುಂಚೆ ಒಮ್ಮೆ ಪರೀಕ್ಷೆ ಮಾಡಿ, ಆಮೇಲೆ ಮೇಡಂ ಹತ್ತಿರ ಹೋಗಿ ಕಾಲು ಹಿಡಿದು ನಿಜ ಹೇಳಿಬಿಡಬೇಕು ಎಂದೇ ಅವನ ಮನಸ್ಸಿನಲ್ಲಿದ್ದದ್ದು. ಆದರೆ ಸಮಿತಿ ಹತ್ತು ನಿಮಿಷ ಮೊದಲೇ ಬಂತು.

“ಬನ್ನಿ ಸರ್, ಇದೇ ಕೋಣೆ,” ಎಂಬ ಮೇಡಂ ಧ್ವನಿ ಬಾಗಿಲಲ್ಲೇ ಕೇಳಿತು. ಎದೆಗಾರ ಯೋಚಿಸಲಿಲ್ಲ. ಆಮೆ ತಲೆ ಎಳೆದುಕೊಂಡ ಹಾಗೆ ಕಪಾಟಿನ ಬಾಗಿಲನ್ನು ಒಳಕ್ಕೆ ಎಳೆದುಕೊಂಡ. ಕೈ ಮಾತ್ರ ಹಿಸುಕುತ್ತಲೇ ಇತ್ತು.

ಬಾಗಿಲ ಸಂದಿಯಿಂದ ಅವನಿಗೆ ಕಂಡದ್ದು ಬರೀ ಕಾಲುಗಳು. ಮೇಡಂ ಅವರ ನೀಲಿ ಚಪ್ಪಲಿ. ಥಳಥಳ ಹೊಳೆಯುವ ಕರಿ ಬೂಟು. ಅದು ಅಧ್ಯಕ್ಷರದು, ದೊಡ್ಡ ಹೃದಯ ವೈದ್ಯರು. ಇನ್ನೆರಡು ಜೊತೆ ಬೂಟು, ಅಧ್ಯಕ್ಷರು ತಿರುಗಿದ ಕಡೆಗೆ ತಿರುಗುವಂಥವು. ಕೊನೆಗೆ ನಿಧಾನವಾಗಿ ಬಂದ ಮೆತ್ತನೆಯ ಬಟ್ಟೆಯ ಚಪ್ಪಲಿ.

“ಇವರು ನಮ್ಮ ಆಸ್ಪತ್ರೆಗೆ ಬರೋ ಅಜ್ಜಿ,” ಎಂದರು ಅಧ್ಯಕ್ಷರು. “ಎದೆಯಲ್ಲಿ ಪಂಪು ಇಟ್ಟುಕೊಂಡು ನಾಲ್ಕು ವರ್ಷ ಆಯ್ತು. ನಮ್ಮ ಅಭಿಪ್ರಾಯ ಏನೇ ಇರಲಿ, ಇದನ್ನ ಹೊತ್ತುಕೊಂಡು ಬದುಕೋರು ಏನಂತಾರೆ ಅಂತ ಕೇಳೋಣ ಅಂತ ಕರ್ಕೊಂಡು ಬಂದೆ.”

ಅಜ್ಜಿ ಹೆಗಲಲ್ಲಿದ್ದ ಬ್ಯಾಟರಿಯ ಚೀಲವನ್ನು ಮಡಿಲಿಗೆ ಹಾಕಿಕೊಂಡು ಮೇಜಿನ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತರು.

“ನಮ್ಮ ಸಹಾಯಕ ಎಲ್ಲಿ ಹೋದ್ನೋ,” ಎಂದು ಮೇಡಂ ಸುತ್ತ ನೋಡಿದರು. “ಯಾವತ್ತೂ ಹೀಗೆ ಮಾಡಲ್ಲ ಅವನು. ಯಂತ್ರ ಎಲ್ಲಾ ಶುರು ಮಾಡಿ ಇಟ್ಟಿದಾನೆ, ಆಸಾಮಿ ಇಲ್ಲ.”

“ಇರಲಿ ಬಿಡಿ. ಅರೆ, ಹೋದ ಸಲ ಎಷ್ಟೊಂದು ಗಡಗಡ ಅಂತಿತ್ತಲ್ಲ? ಈಗ ಸದ್ದೇ ಇಲ್ಲ!” ಎಂದರು ಅಧ್ಯಕ್ಷರು.

ಮೇಡಂ ಕೂಡ ಆಗಲೇ ಅದನ್ನು ಗಮನಿಸಿದ್ದು. “ಸುಧಾರಣೆ ಮಾಡಿದೀವಿ,” ಎಂದರು. ಅವನು ರಾತ್ರಿ ಕೂತು ಏನೋ ಸರಿ ಮಾಡಿರಬೇಕು ಎಂದು ಅವರ ಎಣಿಕೆ.

ಅಧ್ಯಕ್ಷರು ಪರದೆಯ ಮೇಲೆ ಏಳುತ್ತ ಬೀಳುತ್ತ ಹೋಗುವ ಗೆರೆಗೆ ಮೂಗು ತಾಗಿಸಿ ನಿಂತರು. ಐದು ನಿಮಿಷ ಅಲ್ಲಿಂದ ಅಲುಗಲಿಲ್ಲ. ಕಪಾಟಿನೊಳಗೆ ಎದೆಗಾರನ ಬಲಗೈ ಬಾವು ಬಂದ ಹಾಗೆ ಬಿಗಿಯಿತು. ಎಡಗೈಗೆ ಬದಲಿಸಿದ. ಎಡಗೈಗೆ ಅಷ್ಟು ಶಕ್ತಿ ಇರಲಿಲ್ಲ.

“ನೋಡಿ, ನೋಡಿ!” ಎಂದರು ಅಧ್ಯಕ್ಷರು. “ಬಡಿತ ಕ್ಷೀಣ ಆಯ್ತು. ವೇಗ ಸ್ವಲ್ಪ ಜಾಸ್ತಿ ಆಯ್ತು. ದಣಿದ ಹೃದಯ ಮಾಡೋದು ಇದನ್ನೇ! ಯಾರ್ರೀ ಬರೆದದ್ದು ಈ ಪ್ರೋಗ್ರಾಮ್?”

ಮೇಡಂ ಕೆಮ್ಮಿದರು.

ಕಪಾಟಿನಲ್ಲಿ ಒಂಬತ್ತು ವರ್ಷದ ಧೂಳಿತ್ತು. ಅದು ಮೂಗಿಗೆ ಏರಿತು. ಎದೆಗಾರ ತುಟಿ ಕಚ್ಚಿದ, ಉಸಿರು ಹಿಡಿದ, ಕಣ್ಣಲ್ಲಿ ನೀರು ತುಂಬಿಕೊಂಡ. ಸೀನು ನಿಲ್ಲಲಿಲ್ಲ. ಬಾಯಿಗೆ ತೋಳು ಒತ್ತಿಕೊಂಡು ‘ಕ್ಷ್’ ಎಂದು ಬೆಕ್ಕಿನಷ್ಟೇ ಸಣ್ಣಗೆ ಸೀನಿದ. ಕೈ ಹೆದರಿ ಒಂದು ಹಿಸುಕನ್ನು ಹೆಚ್ಚಿಗೆ ಹಿಸುಕಿತು.

“ಆಹಾ! ಅಡ್ಡ ಬಡಿತ!” ಅಧ್ಯಕ್ಷರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. “ನಡುವೆ ಒಂದು ಎಗರಿ ಬಿತ್ತು, ಆಮೇಲೆ ಒಂದು ಕ್ಷಣ ಬಿಡುವು. ಪುಸ್ತಕದಲ್ಲಿ ಇರೋ ಹಾಗೇ! ಇದು ಹೃದಯ ಕಣ್ರೀ. ಹೋದ ಸಲದ್ದು ಹಿಟ್ಟಿನ ಗಿರಣಿ.”

ಸ್ಟೂಲಿನ ಮೇಲಿದ್ದ ಅಜ್ಜಿ ಮಾತ್ರ ಪರದೆ ನೋಡಲಿಲ್ಲ. ಸೀನು ಬಂದ ಕಡೆ ತಲೆ ಬಗ್ಗಿಸಿದರು. ಕಪಾಟಿನ ಸಂದಿಯಲ್ಲಿ ಒಂದು ಕಣ್ಣು. ಆ ಕಣ್ಣು ಅಜ್ಜಿಯನ್ನು ನೋಡಿತು. ಅಜ್ಜಿ ಆ ಕಣ್ಣನ್ನು ನೋಡಿದರು. ಕೊಟ್ಟಿಗೆಯಲ್ಲಿ ಸಿಕ್ಕಿಬಿದ್ದ ಕಳ್ಳನ ಕಣ್ಣಿಗಿಂತ ದೀನವಾಗಿತ್ತು ಅದು.

ಅಜ್ಜಿ ಕಿರುಚಲಿಲ್ಲ. ಸ್ಟೂಲನ್ನು ಸರ್ರನೆ ಎಳೆದುಕೊಂಡು ಕಪಾಟಿನ ಬಾಗಿಲಿಗೇ ಬೆನ್ನು ಕೊಟ್ಟು ಕೂತರು. ಎದೆಗಾರನ ಲೋಕ ಕತ್ತಲಾಯಿತು. ಆದರೆ ಅಂಥ ನೆಮ್ಮದಿಯ ಕತ್ತಲೆಯನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ಅವನ ಜೇಬಿನ ಫೋನು ಕಪಾಟಿನ ತಗಡಿಗೆ ಒತ್ತಿಕೊಂಡು ಗುರ್‌ರ್… ಗುರ್‌ರ್… ಎಂದು ನಡುಗಿತು. ಹೆಂಡತಿ ಮೌನ ಮುರಿದಿದ್ದಳು. ಮುರಿಯಲು ಬೇರೆ ಹೊತ್ತು ಸಿಗಲಿಲ್ಲ.

“ಇದೇನು ಸದ್ದು?” ಎಂದರು ಅಧ್ಯಕ್ಷರು.

“ನನ್ನ ಫೋನು ಡಾಕ್ಟ್ರೇ,” ಎಂದರು ಅಜ್ಜಿ. “ಸೊಸೆ ಇರಬೇಕು. ಮಾತ್ರೆ ತಗೊಂಡ್ರಾ ಅಂತ ಗಂಟೆಗೊಂದು ಸಲ ಪ್ರಾಣ ತಿಂತಾಳೆ. ನೀವು ನಿಮ್ಮ ಕೆಲಸ ನೋಡಿ.”

ಮೇಡಂ ತಿರುಪನ್ನು ಬಿಗಿ ಮಾಡುತ್ತ ಬಂದರು. ಹೃದಯಕ್ಕೆ ಬರುವ ಕೆಂಪು ನೀರು ಕಡಿಮೆಯಾಯಿತು. ಪಂಪು ಮಾತ್ರ ಹಟಮಾರಿಯ ಹಾಗೆ ಹೀರುತ್ತಲೇ ಇತ್ತು. ರಬ್ಬರ್ ಗೋಡೆ ನಡುಗಿ, ಒಳಸರಿದು, ಪಂಪಿನ ಬಾಯಿಗೆ ಚಪ್ ಎಂದು ಅಂಟಿತು. ಮೇಡಂ ಕಟ್ಟಿದ ಪೆಟ್ಟಿಗೆ ‘ಪೀಂ’ ಎಂದು ಒಮ್ಮೆ ಕೂಗಿ ಪಂಪಿನ ವೇಗ ಇಳಿಸಿತು. ಗೋಡೆ ಮೆಲ್ಲಗೆ ಬಿಟ್ಟುಕೊಂಡು ಹೃದಯ ಮತ್ತೆ ತುಂಬಿಕೊಂಡಿತು.

ಅಜ್ಜಿ ಕೈ ಚಾಚಿ ಕೊಳವೆಯ ಮೇಲೆ ಬೆರಳಿಟ್ಟಿದ್ದರು. “ಹೀಗೇ,” ಎಂದರು ಸಣ್ಣ ಧ್ವನಿಯಲ್ಲಿ. “ಹೋದ ವರ್ಷ ಬೇಸಿಗೇಲಿ ನೀರು ಸರಿಯಾಗಿ ಕುಡೀದೆ ಇದ್ದಾಗ ನನಗೆ ಹೀಗೇ ಆಗಿತ್ತು. ಎದೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ. ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಬಿದ್ದೆ. ಈ ಪೆಟ್ಟಿಗೆ ಆಗ ಇದ್ದಿದ್ರೆ ಬೀಳ್ತಿರಲಿಲ್ಲ ಅಲ್ವಾ ತಾಯಿ?”

“ಬೀಳ್ತಿರಲಿಲ್ಲಮ್ಮ,” ಎಂದರು ಮೇಡಂ.

ಕತ್ತಲಲ್ಲಿ ಕೂತ ಎದೆಗಾರನಿಗೆ ಕೈ ನೋವು ಒಂದು ಗಳಿಗೆ ಮರೆತುಹೋಯಿತು. ಒಂಬತ್ತು ವರ್ಷದಿಂದ ಅವನು ಅಂಟಿಸಿ ಅಂಟಿಸಿ ನೋಡಿದ್ದ ರಬ್ಬರ್ ಚೀಲ ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಬಿದ್ದ ಸಂಗತಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಇನ್ನಷ್ಟು ಶ್ರದ್ಧೆಯಿಂದ ಹಿಸುಕಿದ.

ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕಾಗದ ತೆಗೆದರು. “ಬರ್ಕೊಳ್ಳಿ. ಪೆಟ್ಟಿಗೆ ಮುಂದಿನ ಹಂತಕ್ಕೆ ಹೋಗಲಿ. ಈ ಹೃದಯವನ್ನ ಪ್ರಯೋಗಾಲಯದಲ್ಲಿ ಶಾಶ್ವತವಾಗಿ ಉಳಿಸ್ಕೊಳ್ಳಿ, ಬಿಚ್ಚಬಾರದು, ಬದಲಿಸಬಾರದು. ಇನ್ನು ಸಹಾಯಕರ ಹುದ್ದೆ.”

ಎದೆಗಾರನ ಕಿವಿ ನಿಮಿರಿತು.

“ಅದು ಬೇಕೇ ಬೇಕು ಸರ್,” ಎಂದರು ಮೇಡಂ. “ಒಂಬತ್ತು ವರ್ಷದಿಂದ ದುಡೀತಿದಾನೆ. ಒಳ್ಳೆ ಹುಡುಗ.”

“ಒಳ್ಳೇವನೇ ಇರಬಹುದು. ಎಲ್ಲಿದಾನೆ? ಪರಿಶೀಲನೆ ದಿನವೇ ಪತ್ತೆ ಇಲ್ಲ. ಅವನಿಲ್ಲದೆ ಏನು ನಿಂತಿದೆ ಇಲ್ಲಿ? ಅರ್ಧ ಗಂಟೆಯಿಂದ ನೋಡ್ತಿದೀನಿ, ಈ ಹೃದಯಕ್ಕೆ ಒಬ್ಬರೂ ಕೈ ಹಚ್ಚಿಲ್ಲ.” ಅಧ್ಯಕ್ಷರು ಎದ್ದರು. “ಅಥವಾ ಒಳಗೆ ಆಗಾಗ ಯಾರಾದ್ರೂ ಏನಾದ್ರೂ ಮಾಡ್ಬೇಕಾ? ಕಪಾಟು ತೆಗೀರಿ, ನೋಡೇಬಿಡೋಣ.”

ಕರಿ ಬೂಟು ಎರಡು ಹೆಜ್ಜೆ ಹತ್ತಿರ ಬಂದ ಸದ್ದು ಎದೆಗಾರನಿಗೆ ಕೇಳಿತು. ಅಜ್ಜಿಗೂ ಕೇಳಿತು. ಅಜ್ಜಿ ಕೈಯೆತ್ತಿ ಅಡ್ಡ ಹಿಡಿದರು.

“ಅಯ್ಯೋ, ಬಡೀತಿರೋ ಹೃದಯ ಯಾರಾದ್ರೂ ಬಿಚ್ತಾರಾ ಡಾಕ್ಟ್ರೇ? ಈಗ ತಾನೇ ಬಿಚ್ಚಬಾರದು ಅಂತ ಬರೆಸಿದ್ರಿ! ನಾನು ಪಕ್ಕದಲ್ಲೇ ಕೂತಿದೀನಲ್ಲ. ಯಾರೂ ಬೇಡ ಇದಕ್ಕೆ. ತಾನೇ ತಾನಾಗಿ ಓಡ್ತಿದೆ. ಒಬ್ಬ ನರಮನುಷ್ಯ ಇದರ ತಂಟೆಗೆ ಬರಲಿಲ್ಲ. ಬೇಕಾದ್ರೆ ನನ್ನ ಹೆಸರು ಹಾಕಿ ಬರ್ಕೊಳ್ಳಿ.”

“ಸರಿ,” ಎಂದು ಅಧ್ಯಕ್ಷರು ನಕ್ಕು ಹಿಂದೆ ಸರಿದರು. “ಅನುಭವಸ್ಥರು ಹೇಳಿದ ಮೇಲೆ ಮುಗೀತು. ಬರ್ಕೊಳ್ಳಿ. ಹೃದಯ ಸ್ವಯಂಚಾಲಿತವಾಗಿದೆ. ಸಹಾಯಕರ ಹುದ್ದೆಯ ಅಗತ್ಯ ಕಂಡುಬರಲಿಲ್ಲ, ರದ್ದು.”

ಕಪಾಟಿನೊಳಗೆ ಎದೆಗಾರನ ಮುಷ್ಟಿ ಬಿಗಿಯಿತು. ಬಿಗಿದದ್ದು ಬಿಚ್ಚಲಿಲ್ಲ. ಹಿಸುಕಿದ ಚೀಲ ಹಿಸುಕಿದ ಹಾಗೇ ಉಳಿಯಿತು. ಮೇಲೆ ಜಾಡಿಯಲ್ಲಿ ಹೃದಯ ಮುದುಡಿದ್ದು ಅರಳಲಿಲ್ಲ. ಪಂಪು ಅದನ್ನು ಇನ್ನಷ್ಟು ಎಳೆಯಿತು. ಗೋಡೆಗಳು ಒಂದಕ್ಕೊಂದು ತಬ್ಬಿಕೊಂಡು ಪಂಪಿನ ಬಾಯಿಗೆ ಕಚ್ಚಿಕೊಂಡವು. ತಿರುಪಿನ ಹತ್ತಿರ ಯಾರೂ ಇರಲಿಲ್ಲ. ಪೆಟ್ಟಿಗೆ ‘ಪೀಂ’ ಎಂದಿತು. ವೇಗ ಇಳಿಯಿತು. ಮತ್ತೆ ‘ಪೀಂ’. ಇನ್ನೂ ಇಳಿಯಿತು. ಕೊನೆಗೆ ಎದೆಗಾರನ ಬೆರಳುಗಳು ಸೋತು ಒಂದೊಂದಾಗಿ ಸಡಿಲಿದವು. ಹೃದಯ ನಿಟ್ಟುಸಿರು ಬಿಟ್ಟ ಹಾಗೆ ಅರಳಿತು.

ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

“ನೋಡಿದ್ರಾ! ಯಾರೂ ಏನೂ ಮಾಡದೆ ತಾನಾಗೇ ಅಂಟಿತು, ಪೆಟ್ಟಿಗೆ ತಾನಾಗೇ ಬಿಡಿಸಿತು! ಇದಕ್ಕಿಂತ ಸಾಕ್ಷಿ ಬೇಕೇನ್ರೀ?” ಎಂದು ಅಧ್ಯಕ್ಷರು ಅಲ್ಲೇ ನಿಂತು ಮೂರು ಪ್ರತಿಗೂ ಸಹಿ ಹಾಕಿದರು. “ಮುಂದಿನ ಸಭೆ ವರ್ಷ ಕಳೆದ ಮೇಲೆ. ಅಲ್ಲೀ ತನಕ ಇದರಲ್ಲಿ ಒಂದಕ್ಷರ ತಿದ್ದೋ ಹಾಗಿಲ್ಲ. ಬನ್ನಿ, ಚಹಾ ಕುಡಿಯೋಣ.”

ಬೂಟುಗಳು ಹೋದವು. ಬಟ್ಟೆಯ ಚಪ್ಪಲಿಯೂ ಅವುಗಳ ಹಿಂದೆ ಹೋಯಿತು. ಮೇಡಂ ಪಂಪು ನಿಲ್ಲಿಸಲೆಂದು ಉಳಿದರು. ಗುಂಡಿ ಒತ್ತಿದರು. ಪಂಪು ನಿಂತಿತು. ಆಮೇಲೆ ಮೇಜಿನ ಅಂಚಿನಲ್ಲಿದ್ದ ಗಾಳಿಯಂತ್ರದ ಗುಂಡಿ ನೋಡಿದರು. ಅದು ಆಗಲೇ ಬಂದ್ ಆಗಿತ್ತು.

ಆಗ ಕಪಾಟಿನ ಬಾಗಿಲು ಕಿರ್ರೆಂದು ತೆರೆದು, ಮೊದಲು ಒಂದು ಕಾಲು, ಆಮೇಲೆ ಜೇಡರ ಬಲೆ ಮೆತ್ತಿಕೊಂಡ ಒಂದು ತಲೆ, ಕೊನೆಗೆ ನೆಟ್ಟಗಾಗದ ಒಂದು ಸೊಂಟ ಹೊರಬಂದವು.

ಮೇಡಂ ಮೇಜು ಹಿಡಿದುಕೊಂಡರು. “ನೀನಾ! ಇಷ್ಟೊತ್ತೂ…”

“ನಾನೇ ಮೇಡಂ.” ಎದೆಗಾರ ನೆಲ ನೋಡುತ್ತ ವಾಷರಿನಿಂದ ಹಿಡಿದು ಚಪ್ಪಲಿಯ ಬಿಲ್ಲೆ, ಉಗ್ರಾಣ, ಚೀಲ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. “ತಪ್ಪಾಯ್ತು. ಆದ್ರೆ ಪೆಟ್ಟಿಗೆ ಸುಳ್ಳಲ್ಲ ಮೇಡಂ. ಅಂಟಿದ್ದು ನಿಜ, ಬಿಡಿಸಿದ್ದು ನಿಜ. ಊದಿದ್ದು ಮಾತ್ರ ನಾನು.”

ಮೇಡಂ ಅಜ್ಜಿ ಬಿಟ್ಟುಹೋದ ಸ್ಟೂಲಿನ ಮೇಲೆ ಕುಸಿದು ಕೂತರು. ಬೈಯಬೇಕೆಂದು ಬಾಯಿ ತೆರೆದರು, ನಗು ಬಂತು. ನಗಬೇಕೆಂದರೆ ಅಳು ಬಂತು.

“ನಿಜ ಏನು ಅಂತ ನಾನು ಬರೆದು ಕಳಿಸಲೇಬೇಕು. ಇವತ್ತೇ ಕಳಿಸ್ತೀನಿ. ಕೈಯಿಂದ ಊದಿದ್ದು ಅಂತ ಸ್ಪಷ್ಟವಾಗಿ. ಪೆಟ್ಟಿಗೆಗೆ ಅದರಿಂದ ಏನೂ ಆಗಲ್ಲ. ಮನುಷ್ಯನ ಕೈಯಲ್ಲೂ ಕೆಲಸ ಮಾಡ್ತು ಅಂತ ಇನ್ನೂ ಮೆಚ್ತಾರೆ. ಆದ್ರೆ ನಿನ್ನ ಹುದ್ದೆ… ವರ್ಷ ಕಳೆಯೋ ತನಕ ಒಂದಕ್ಷರ ತಿದ್ದೋ ಹಾಗಿಲ್ಲ ಅಂದ್ರಲ್ಲ.”

“ಹೃದಯ ಕಾಯಂ ಆಯ್ತಲ್ಲ ಮೇಡಂ?”

“ಅದಾಯ್ತು. ಬಿಚ್ಚಬಾರದು, ಬದಲಿಸಬಾರದು. ಬಡಿಯೋಕೆ ನೀನೇ ಬೇಕು. ಆದ್ರೆ ನೀನು ಇಲ್ಲ.” ಮೇಡಂ ಹಣೆ ಒತ್ತಿಕೊಂಡರು. “ದಿನಗೂಲಿ ಮೇಲೆ ಬರ್ತೀಯಾ? ಹಂಗಾಮಿಗಿಂತ ಒಂದು ಮೆಟ್ಟಿಲು ಕೆಳಗೆ. ಬೇರೆ ದಾರಿ ನನಗೂ ಕಾಣ್ತಿಲ್ಲ.”

ಎದೆಗಾರ ಉತ್ತರ ಕೊಡುವ ಮುಂಚೆ ಬಾಗಿಲಲ್ಲಿ ಮೆತ್ತನೆಯ ಹೆಜ್ಜೆ ಸದ್ದಾಯಿತು. ಅಜ್ಜಿ. ಒಂದು ಕೈಯಲ್ಲಿ ಬ್ಯಾಟರಿ ಚೀಲ, ಇನ್ನೊಂದರಲ್ಲಿ ಒಂದು ಲೋಟ ಚಹಾ. ಅವನನ್ನು ಕಂಡು ಮುಖ ಅರಳಿತು. ಮೇಡಂ ಇರುವುದು ಕಂಡು ಮತ್ತೆ ಅಳುಕಿತು.

“ತಾಯಿ, ಇವನಿಗೆ ಏನೂ ಅನ್ನಬೇಡಿ,” ಎಂದರು. “ಪಾಪ, ಕೈ ನೋಡಿ ಹೇಗೆ ಊದಿದೆ. ನಾನು ಆಗಲೇ ನೋಡಿದೆ. ನನ್ನ ಎದೆ ಒಳಗಿರೋದು ಯಂತ್ರ. ಇವನದು ಮಾತ್ರ ಮನುಷ್ಯ ಬಡಿದ ಹಾಗೆ ಬಡೀತಿತ್ತು; ಹೆದರ್ತಿತ್ತು, ದಣೀತಿತ್ತು, ಮತ್ತೆ ಬಡೀತಿತ್ತು.” ಆಮೇಲೆ ಅವನ ಹತ್ತಿರ ಬಂದು ಚಹಾ ಕೈಗಿತ್ತು, ಗುಟ್ಟಿನ ಧ್ವನಿಯಲ್ಲಿ, ಆದರೆ ಹೆಮ್ಮೆ ತಡೆಯಲಾರದೆ ಹೇಳಿದರು, “ಆ ಡಾಕ್ಟ್ರು ಕಪಾಟು ತೆಗೆದಿದ್ರೆ ನಿನ್ನ ಕೆಲಸ ಇವತ್ತೇ ಹೋಗ್ತಿತ್ತು ಕಣಪ್ಪ. ನಾನು ಅಡ್ಡ ಕೂತು ಉಳಿಸಿಬಿಟ್ಟೆ.”

ಮೇಡಂ ಏನೋ ಹೇಳಲು ಬಾಯಿ ತೆರೆದರು. ಎದೆಗಾರ ಅಜ್ಜಿಗೆ ಗೊತ್ತಾಗದ ಹಾಗೆ ಬೇಡ ಎಂದು ತಲೆಯಾಡಿಸಿದ. ಬ್ಯಾಟರಿ ಚೀಲದಿಂದ ಹೊರಟು ಅವರ ಬಟ್ಟೆಯೊಳಗೆ ಮರೆಯಾಗುವ ತೆಳ್ಳಗಿನ ತಂತಿಯನ್ನು ನೋಡಿದ. ಊದಿದ ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದ. ಚಹಾಗೆ ಸಕ್ಕರೆ ಹಾಕಿರಲಿಲ್ಲ.

“ದೊಡ್ಡ ಉಪಕಾರ ಆಯ್ತಮ್ಮ,” ಎಂದ. “ನಿಮ್ಮ ಹೊಟ್ಟೆ ತಣ್ಣಗಿರಲಿ.”